ಕಿಲೋ ಫ್ಲೈಟ್‌ನ ಅಲೂಯೆಟ್: 1/72 ಮಾದರಿ ಎಲ್ಲಿವರೆಗೆ ಬಂತು

ಈ ಸಲದ ವಿಜಯ ದಿವಸಕ್ಕೆ, ಅಂದರೆ ಡಿಸೆಂಬರ್ 16ರೊಳಗೆ, ಮುಗಿಸಬೇಕು ಅಂತ ಹಿಡಿದಿರುವ ಕೆಲಸ ಇದು. 1/72 ಅಂದರೆ ಅಸಲಿಗಿಂತ 72 ಪಟ್ಟು ಚಿಕ್ಕ ಅಳತೆ. 1971ರ ಯುದ್ಧದ ಮಾದರಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಢಾಕಾದ ರಮ್ನಾ ರೇಸ್ ಕೋರ್ಸ್‌ನ ಆ ಮೇಜು. ಪಾಕಿಸ್ತಾನದ ಸೇನಾಧಿಕಾರಿ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕುತ್ತಿದ್ದಾರೆ, ಪಕ್ಕದಲ್ಲಿ ಭಾರತದ ಸೇನಾಧಿಕಾರಿ ಜಗಜಿತ್ ಸಿಂಗ್ ಅರೋರಾ ಕೂತಿದ್ದಾರೆ. ಆ ದೃಶ್ಯವನ್ನು ತುಂಬಾ ಚೆನ್ನಾಗಿ ಮಾಡಿದವರಿದ್ದಾರೆ. ನನಗೆ ಮಾತ್ರ ಅದಕ್ಕಿಂತ ಮುಂಚಿನ ತಿಂಗಳುಗಳು ಬೇಕಿತ್ತು. ಗೆಲುವು ಇನ್ನೂ ಯಾರ ಕೈಯಲ್ಲೂ ಇಲ್ಲದಾಗ ಒಬ್ಬರನ್ನೊಬ್ಬರು ನಂಬಿ ಕೆಲಸ ಮಾಡಿದ ದಿನಗಳವು. ಅದಕ್ಕೇ ಕಿಲೋ ಫ್ಲೈಟ್ ಆರಿಸಿಕೊಂಡೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1971ರ ಸೆಪ್ಟೆಂಬರ್ 28ರಂದು ನಾಗಾಲ್ಯಾಂಡಿನ ದಿಮಾಪುರದಲ್ಲಿ ಶುರುವಾದ ಬಾಂಗ್ಲಾದೇಶದ ಪುಟ್ಟ ವಾಯುಪಡೆ ಇದು. ಭಾರತ ಕೊಟ್ಟಿದ್ದು ಒಂದು ಡಕೋಟಾ ವಿಮಾನ, ಒಂದು ಆಟರ್ ವಿಮಾನ, ಒಂದು ಅಲೂಯೆಟ್ ಹೆಲಿಕಾಪ್ಟರ್. ಮೂರೂ ಜನರನ್ನು, ಸಾಮಾನನ್ನು ಸಾಗಿಸುವ ಯಂತ್ರಗಳು. ಹಾರಿಸಿದವರು ಬಂಗಾಳಿಗಳು: ಪಾಕಿಸ್ತಾನದ ವಾಯುಪಡೆ ಬಿಟ್ಟು ಬಂದವರು ಕೆಲವರು, ನಾಗರಿಕ ವಿಮಾನಗಳ ಪೈಲಟ್‌ಗಳು ಕೆಲವರು. ಬಾಂಗ್ಲಾದೇಶ ವಾಯುಪಡೆ ಇವತ್ತಿಗೂ ಸೆಪ್ಟೆಂಬರ್ 28ನ್ನೇ ತನ್ನ ಹುಟ್ಟಿದ ದಿನ ಅಂತ ಆಚರಿಸುತ್ತದೆ. ತಮ್ಮ ವಾಯುಪಡೆ ಇನ್ನೊಂದು ದೇಶದ ನೆಲದಲ್ಲಿ ಹುಟ್ಟಿತು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವವರು ಇನ್ನೆಲ್ಲಿ ಸಿಗ್ತಾರೆ?

ಈಗ ಕೆಲಸದ ವಿಷಯ. ಮೊದಲು ಅಲೂಯೆಟ್ ಎತ್ತಿಕೊಂಡೆ. ಇದೇ ಹೆಲಿಕಾಪ್ಟರನ್ನು ಬೆಂಗಳೂರಿನ ಎಚ್‌ಎಎಲ್ ಫ್ರಾನ್ಸಿನ ಪರವಾನಗಿ ಪಡೆದು ಚೇತಕ್ ಅಂತ ತಯಾರಿಸಿತು. ಹಾಗಾಗಿ ಕನ್ನಡದ ಮಾದರಿಗಾರರಿಗೆ ಇದರ ಆಕಾರ ಕಣ್ಣಿಗೆ ಚೆನ್ನಾಗಿ ಕೂತಿರುತ್ತದೆ. ಕಿಟ್‌ನಲ್ಲಿ ಬರುವುದು ಮಾಮೂಲಿ ಸಾಗಾಟದ ಹೆಲಿಕಾಪ್ಟರ್. ಕಿಲೋ ಫ್ಲೈಟ್‌ನದು ಹಾಗಿರಲಿಲ್ಲ. ಎರಡೂ ಪಕ್ಕ ಸೇರಿ 14 ರಾಕೆಟ್, ಜೊತೆಗೆ .303 ಬ್ರೌನಿಂಗ್ ಮೆಷಿನ್ ಗನ್. ಒಳಗೆ ನೆಲಕ್ಕೆ ಒಂದು ಇಂಚು ದಪ್ಪದ ಉಕ್ಕಿನ ತಗಡನ್ನು ಬೆಸುಗೆ ಹಾಕಿದ್ದರು.

ಆ ತಗಡಿನ ಮೇಲೆಯೇ ನಾನು ಜಾಸ್ತಿ ಹೊತ್ತು ಕಳೆದೆ. ಒಂದು ಇಂಚನ್ನು 72ರಿಂದ ಭಾಗಿಸಿದರೆ 0.35 ಮಿಲಿಮೀಟರ್. ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮರಳು ಕಾಗದದಲ್ಲಿ ಉಜ್ಜಿ ಆ ದಪ್ಪಕ್ಕೆ ತಂದೆ. ಅಂಚಿನಲ್ಲಿ ಬೆಸುಗೆಯ ಗೆರೆ ಕಾಣಬೇಕು. ಅದಕ್ಕೆ ಪುಟ್ಟಿಯನ್ನು ತೆಳುವಾಗಿ ಎಳೆದು, ಒಣಗುವ ಮೊದಲೇ ಸೂಜಿಯ ಮೊನೆಯಿಂದ ಸಣ್ಣ ಸಣ್ಣ ಅಲೆಗಳನ್ನು ಒತ್ತಿದೆ. ಅಲೂಯೆಟ್‌ನ ಮುಂಭಾಗ ಪೂರ್ತಿ ಗಾಜು, ನೆಲ ಹೊರಗಿನಿಂದಲೇ ಕಾಣುತ್ತದೆ. ಆದ್ದರಿಂದ ಈ ಕೆಲಸ ದಂಡವಾಗುವುದಿಲ್ಲ.

ಉಜ್ಜುತ್ತಾ ಲೆಕ್ಕ ಹಾಕಿದೆ. ಒಂದು ಇಂಚಿನ ಉಕ್ಕು ಅಂದರೆ ಒಂದು ಚದರ ಮೀಟರ್‌ಗೆ ಸುಮಾರು 200 ಕಿಲೋ ತೂಕ. ಈ ಹೆಲಿಕಾಪ್ಟರ್ ಒಟ್ಟು ಎತ್ತುವುದೇ 2,200 ಕಿಲೋ ಆಸುಪಾಸು. ಅದರಲ್ಲಿ ಯಂತ್ರದ ತೂಕ, ಇಂಧನ, ರಾಕೆಟ್, ಗನ್, ಜನ ಎಲ್ಲ ಬರಬೇಕು. ಇಷ್ಟಾಗಿಯೂ ಕಾಪಾಡುತ್ತಿದ್ದದ್ದು ಕೆಳಗಿನಿಂದ ಬರುವ ಗುಂಡುಗಳಿಂದ ಮಾತ್ರ. ಎದುರಿಗೆ ಬರೀ ಗಾಜು. ಅಷ್ಟು ಇಟ್ಟುಕೊಂಡು ಡಿಸೆಂಬರ್ 3ರ ರಾತ್ರಿ ಸುಲ್ತಾನ್ ಮಹಮೂದ್ ಮತ್ತು ಬದ್ರುಲ್ ಆಲಂ ತ್ರಿಪುರಾದ ತೇಲಿಯಾಮುರಾದಿಂದ ಹೊರಟು ನಾರಾಯಣಗಂಜ್‌ನ ಗೋದ್ನೈಲ್ ತೈಲ ಸಂಗ್ರಹಾಗಾರಕ್ಕೆ ರಾಕೆಟ್ ಹಾರಿಸಿದರು. ಅದೇ ರಾತ್ರಿ ಆಟರ್ ಕೈಲಾಶಹರದಿಂದ ಹೋಗಿ ಚಿತ್ತಗಾಂಗ್‌ನ ತೈಲ ಸಂಗ್ರಹಾಗಾರವನ್ನು ಹೊಡೆಯಿತು. ಅದರಲ್ಲಿದ್ದವರು ಶಂಸುಲ್ ಆಲಂ ಮತ್ತು ಅಕ್ರಮ್ ಅಹಮದ್. ನಾಲ್ವರಿಗೂ ಆಮೇಲೆ ಬಾಂಗ್ಲಾದೇಶದ ಶೌರ್ಯ ಪ್ರಶಸ್ತಿಯಾದ ಬೀರ್ ಉತ್ತಮ್ ಗೌರವ ಸಿಕ್ಕಿತು.

ರಾಕೆಟ್ ಕೊಳವೆಗಳು ಸುಲಭವಾಗಿ ಆದವು. ಒಂದೇ ಅಳತೆಯ ಏಳು ಕೊಳವೆ ತಗೊಂಡರೆ ನಡುವೆ ಒಂದು, ಸುತ್ತ ಆರು, ಸಂದಿಲ್ಲದೆ ಕೂರುತ್ತವೆ. ಹೊರಗೆ ಒಂದು ಸುತ್ತು ತೆಳು ಅಲ್ಯೂಮಿನಿಯಂ ಹಾಳೆ, ಅಷ್ಟೇ.

ಮನುಷ್ಯರ ಗೊಂಬೆಗಳ ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. ಈ ಅಳತೆಯಲ್ಲಿ ಆಳು ಅಂದರೆ 24 ಮಿಲಿಮೀಟರ್ ಎತ್ತರ. ಒಬ್ಬ ಮಂಡಿಯೂರಿ ರಾಕೆಟ್ ಕೊಳವೆಗಳ ಕಟ್ಟಿನ ಬೋಲ್ಟ್ ಬಿಗಿಮಾಡುತ್ತಿದ್ದಾನೆ, ಇನ್ನೊಬ್ಬ ಎರಡೂ ಕೈಯಲ್ಲಿ ಅದರ ಭಾರ ಹೊತ್ತು ನಿಂತಿದ್ದಾನೆ. ಇಬ್ಬರಿಗೂ ಒಂದೇ ಬಣ್ಣದ ಕೆಲಸದ ಬಟ್ಟೆ ಕೊಟ್ಟಿದ್ದೇನೆ. ಯಾರು ಭಾರತದವನು, ಯಾರು ಬಂಗಾಳಿ ಅಂತ ನೋಡುವವರಿಗೆ ಗೊತ್ತಾಗಬಾರದು. ಪದವಿಯ ಗುರುತು ಹಚ್ಚಿದ್ದರೆ ಚೆನ್ನಾಗಿತ್ತು ಅಂತ ಇದನ್ನು ನೋಡಿದ ಗೆಳೆಯರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಈ ಮಾದರಿಯ ಜೀವ ಇರೋದೇ ಅಲ್ಲಿ, ಅಲ್ವಾ?

ಬಾವುಟ ಮಾತ್ರ ಇದೆ. ಆಗಿನ ಬಾಂಗ್ಲಾದೇಶದ ಬಾವುಟದಲ್ಲಿ ಹಸಿರಿನ ನಡುವೆ ಕೆಂಪು ವೃತ್ತ, ಅದರೊಳಗೆ ಹಳದಿ ಬಣ್ಣದಲ್ಲಿ ದೇಶದ ನಕ್ಷೆ ಇತ್ತು. 1972ರ ಜನವರಿಯಲ್ಲಿ ನಕ್ಷೆ ತೆಗೆದರು. ಹಾಗಾಗಿ 1971ರ ದೃಶ್ಯಕ್ಕೆ ಈಗಿನ ಬಾವುಟ ಹಾಕುವಂತಿಲ್ಲ. ನನ್ನ ವೃತ್ತ ಒಂದು ಕಡಲೆಕಾಳಿನಷ್ಟಿದೆ. ಅದರೊಳಗೆ ನಕ್ಷೆ ಬರೆಯಲು ಅತಿ ಸಣ್ಣ ಕುಂಚ, ಭೂತಗನ್ನಡಿ, ಜೊತೆಗೆ ಬೆಳಗಿನ ಬೆಳಕು ಬೇಕಾಯಿತು. ಚಿತ್ತಗಾಂಗ್‌ನ ಬಾಲ ಸರಿಯಾಗಿ ಕೆಳಕ್ಕೆ ಇಳಿದಿದೆ. ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಹಲಗೆಯ ಮುಂದೆ ಹೆಸರಿನ ಪಟ್ಟಿ ಕನ್ನಡ ಮತ್ತು ಬಂಗಾಳಿ ಎರಡರಲ್ಲೂ ಇರುತ್ತದೆ. ಅದರಲ್ಲಿ ಡಿಸೆಂಬರ್ 16ರ ಜೊತೆಗೆ ಡಿಸೆಂಬರ್ 6ನ್ನೂ ಬರೆಯುತ್ತೇನೆ. 1971ರಲ್ಲಿ ಭಾರತ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟದ್ದು ಅವತ್ತು. ಭೂತಾನ್ ಕೂಡ ಅದೇ ದಿನ ಕೊಟ್ಟಿತು. 2021ರಲ್ಲಿ ಆ ದಿನವನ್ನು ಮೈತ್ರಿ ದಿವಸ ಅಂತ ಆಚರಿಸಿದರು. ಯುದ್ಧ ಇನ್ನೂ ನಡೆಯುತ್ತಿದ್ದಾಗ, ಫಲಿತಾಂಶ ಗೊತ್ತಾಗುವ ಮೊದಲೇ ಕೊಟ್ಟ ಮಾತು ಅದು. ನನ್ನ ಪ್ರಕಾರ 16ರಷ್ಟೇ ದೊಡ್ಡ ದಿನ.

ಉಳಿದಿರುವುದು: ಅಲೂಯೆಟ್‌ಗೆ ಕೊನೆಯ ಮಂಕು ವಾರ್ನಿಷ್, ರೋಟರ್ ರೆಕ್ಕೆಗಳಿಗೆ ಸ್ವಲ್ಪ ಬಾಗು. ಆಮೇಲೆ ಆಟರ್. ಅದರ ರೆಕ್ಕೆ ಈ ಅಳತೆಯಲ್ಲಿ ಸುಮಾರು 24.6 ಸೆಂಟಿಮೀಟರ್, ಹಲಗೆಯ ಎಡಭಾಗ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. 25 ಪೌಂಡ್‌ನ ಬಾಂಬುಗಳನ್ನು ಕೈಯಿಂದಲೇ ಹೊರಕ್ಕೆ ಉರುಳಿಸಲು ಅದಕ್ಕೊಂದು ತಾತ್ಕಾಲಿಕ ಬಾಗಿಲು ಮಾಡಿದ್ದರು. ಅದನ್ನು ಕತ್ತರಿಸಿ ತೆರೆಯುವುದರಿಂದಲೇ ಶುರು ಮಾಡುತ್ತೇನೆ. ಡಕೋಟಾದ ರೆಕ್ಕೆ 40 ಸೆಂಟಿಮೀಟರ್ ದಾಟುತ್ತದೆ, ಅದಕ್ಕೆ ಬೇರೆಯೇ ಹಲಗೆ ಬೇಕು. ಅದು ಮುಂದಿನ ವರ್ಷಕ್ಕೆ.