ಫೋನು ಮೇಜಿನ ಮೇಲಿದ್ದಾಗ ಮನುಷ್ಯ ಎಲ್ಲಿದ್ದ?

ಫೋನು, ಕೈಗಡಿಯಾರಗಳ ಸೆನ್ಸರ್‌ಗಳಿಂದ ಜನರ ದಿನನಿತ್ಯದ ಚಲನೆಯ ಡೇಟಾ ಕೂಡಿಹಾಕಲು ಹೊರಟಿದ್ದರೆ, ಮೊದಲು ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಅದರ ಆಕ್ಸೆಲೆರೋಮೀಟರ್ (ವೇಗೋತ್ಕರ್ಷ ಅಳೆಯುವ ಸೆನ್ಸರ್) ಏನು ತೋರಿಸುತ್ತದೆ ನೋಡಿ. ಎಕ್ಸ್, ವೈ ಅಕ್ಷಗಳಲ್ಲಿ ಸೊನ್ನೆಯ ಆಸುಪಾಸು, ಝಡ್‌ನಲ್ಲಿ ಮಾತ್ರ 9.8 (ಸೆಕೆಂಡ್ ವರ್ಗಕ್ಕೆ ಮೀಟರ್ ಲೆಕ್ಕದಲ್ಲಿ). ಅಲುಗಾಡದೆ ಬಿದ್ದಿರುವ ವಸ್ತುವಿಗೆ ಎಲ್ಲಿಂದ ಬಂತು ವೇಗೋತ್ಕರ್ಷ ಅಂದರೆ, ಗುರುತ್ವಕ್ಕೆ ಎದುರಾಗಿ ಮೇಜು ಫೋನನ್ನು ಎತ್ತಿ ಹಿಡಿದಿದೆಯಲ್ಲ, ಈ ಸೆನ್ಸರ್ ಅಳೆಯುವುದು ಅದನ್ನು. ಬೋರಲು ಹಾಕಿದರೆ ಅದೇ ಸಂಖ್ಯೆ ಮೈನಸ್ ಆಗುತ್ತದೆ, ನೆಟ್ಟಗೆ ನಿಲ್ಲಿಸಿದರೆ ವೈ ಅಕ್ಷಕ್ಕೆ ಜಾರುತ್ತದೆ. ಐಫೋನಿನ ಕಚ್ಚಾ ರೀಡಿಂಗ್‌ನಲ್ಲಿ ಇದು ಮೈನಸ್ 1 ಎಂದು ಬರುತ್ತದೆ. ಅಲ್ಲಿನ ಏಕಮಾನ ‘ಜಿ’, ಅಂದರೆ ಆ 9.8ನ್ನೇ 1 ಎಂದು ಹಿಡಿದದ್ದು, ಚಿಹ್ನೆಯೂ ತಿರುಗುಮುರುಗು. ಕೆಲವು ಆ್ಯಪ್‌ಗಳು ಇದನ್ನು ತಾವೇ ಸರಿಪಡಿಸಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಎರಡು ಬಗೆಯ ಫೋನುಗಳ ಫೈಲುಗಳನ್ನು ಒಂದೇ ರಾಶಿಗೆ ಸುರಿಯುವ ಮೊದಲು ಈ ಅರ್ಧ ನಿಮಿಷದ ಮೇಜಿನ ಪರೀಕ್ಷೆ ಮಾಡಿಬಿಟ್ಟರೆ ಮುಂದೆ ವಾರಗಟ್ಟಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಸೆನ್ಸರ್ ಇಷ್ಟು ಚುರುಕಾಗಿದ್ದರೂ ಫೋನು ಜೇಬಿನಲ್ಲಿದೆಯೋ, ಚೀಲದಲ್ಲಿದೆಯೋ, ಚಾರ್ಜಿಗೆ ಹಾಕಿ ಮರೆತುಬಿಟ್ಟದ್ದೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ದಿನನಿತ್ಯದ ಬದುಕಿನ ಡೇಟಾ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಸೆನ್ಸರ್ ಚಿಪ್‌ನ ನಿಖರತೆಯಲ್ಲಲ್ಲ.

ಶುರು ಮಾಡಲು ದೊಡ್ಡ ಸಿದ್ಧತೆಯೇನೂ ಬೇಕಿಲ್ಲ. ಜರ್ಮನಿಯ ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಉಚಿತ. ಫೋನಿನಲ್ಲಿ ಯಾವ ಯಾವ ಸೆನ್ಸರ್ ಇದೆ, ಪ್ರತಿಯೊಂದೂ ಎಷ್ಟು ಬೇಗ ಓಡುತ್ತದೆ ಎಂದು ಅದರಲ್ಲೇ ನೋಡಿಕೊಳ್ಳಬಹುದು. ಗಂಟೆಗಟ್ಟಲೆ ದಾಖಲಿಸಲು ಸೆನ್ಸರ್ ಲಾಗರ್‌ನಂಥ ಆ್ಯಪ್ ವಾಸಿ. ಹತ್ತಾರು ಜನರ ಅಧ್ಯಯನವಾದರೆ ಅವೇರ್‌ನಂಥ ಮುಕ್ತ ತಂತ್ರಾಂಶದ ಚೌಕಟ್ಟು ಬೇಕಾಗುತ್ತದೆ.

ಮೊದಲ ತೀರ್ಮಾನ ಸ್ಯಾಂಪ್ಲಿಂಗ್ ರೇಟ್, ಅಂದರೆ ಸೆನ್ಸರ್ ಸೆಕೆಂಡಿಗೆ ಎಷ್ಟು ಸಲ (ಎಷ್ಟು ಹರ್ಟ್ಜ್‌ನಲ್ಲಿ) ಅಳೆಯಬೇಕು ಎಂಬುದು. ನಡಿಗೆಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೆಜ್ಜೆ ಬೀಳುತ್ತವೆ, ಹೆಜ್ಜೆ ಎಣಿಸಲು 20 ಹರ್ಟ್ಜ್ ಧಾರಾಳ. ನಡಿಗೆ, ಓಟ, ಮೆಟ್ಟಿಲು ಹತ್ತುವುದು, ಇಳಿಯುವುದು ಇವನ್ನು ಬೇರ್ಪಡಿಸಬೇಕಿದ್ದರೆ 50. ಬಿದ್ದಾಗಿನ ಹೊಡೆತದಂಥ ಕ್ಷಣಾರ್ಧದ ಘಟನೆ ಬೇಕಿದ್ದರೆ 100. ಇರಲಿ ಅಂತ 200ಕ್ಕೆ ಇಡುವ ಚಪಲ ಬೇಡ, ಲೆಕ್ಕ ಹಾಕಿ ನೋಡಿ. 50 ಹರ್ಟ್ಜ್‌ನಲ್ಲಿ ದಿನಕ್ಕೆ 43,20,000 ಸಾಲು. ಮೂರು ಅಕ್ಷಕ್ಕೆ ನಾಲ್ಕು ನಾಲ್ಕು ಬೈಟ್, ಸಮಯಕ್ಕೆ ಎಂಟು ಬೈಟ್ ಹಿಡಿದರೆ ಬೈನರಿಯಲ್ಲಿ ದಿನಕ್ಕೆ 86.4 ಎಂಬಿ. ಅದನ್ನೇ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಠ್ಯದ ಫೈಲ್) ಮಾಡಿದರೆ ಸಾಲಿಗೆ 50 ಬೈಟ್ ಅಂದುಕೊಂಡರೂ 216 ಎಂಬಿ. ಇಡೀ ದಿನಕ್ಕೆ ಒಂದೇ ಫೈಲ್ ಇಡಬೇಡಿ, ಗಂಟೆಗೊಂದು ಮಾಡಿ. ಬರೆಯುವ ಹೊತ್ತಿಗೇ ಬ್ಯಾಟರಿ ಸತ್ತು ಫೈಲ್ ಕೆಟ್ಟರೆ ಹೋಗುವುದು ಒಂದು ಗಂಟೆಯ ಡೇಟಾ ಮಾತ್ರ. ಅಪ್‌ಲೋಡ್ ಅನ್ನು ವೈಫೈ ಮತ್ತು ಚಾರ್ಜರ್ ಎರಡೂ ಇದ್ದಾಗಲಷ್ಟೇ ಆಗುವಂತೆ ಕಟ್ಟಿಹಾಕಿ.

50 ಕೇಳಿದರೆ 50ನ್ನೇ ಕೊಡುತ್ತದೆ ಎಂಬ ಭರವಸೆಯೂ ಇಲ್ಲ. ಆಂಡ್ರಾಯ್ಡ್ ನಿಮ್ಮ ಕೋರಿಕೆಯನ್ನು ಸೂಚನೆ ಎಂದಷ್ಟೇ ತೆಗೆದುಕೊಳ್ಳುತ್ತದೆ. ಬಂದದ್ದು 48 ಇರಬಹುದು, 52 ಇರಬಹುದು, ಬೇರೊಂದು ಆ್ಯಪ್ ಅದೇ ಸೆನ್ಸರನ್ನು ಬೇಗ ಓಡಿಸುತ್ತಿದ್ದರೆ ನಿಮಗೂ ದುಪ್ಪಟ್ಟು ಬಂದು ಬೀಳಬಹುದು. ಅಕ್ಕಪಕ್ಕದ ಸಾಲುಗಳ ಟೈಮ್‌ಸ್ಟ್ಯಾಂಪ್‌ಗಳ (ಸಮಯದ ಗುರುತುಗಳ) ವ್ಯತ್ಯಾಸ ತೆಗೆದು ಅದರ ಮಧ್ಯಾಂಕ ಮತ್ತು ಗರಿಷ್ಠ ನೋಡಿ. ಮಧ್ಯಾಂಕ 20 ಮಿಲಿಸೆಕೆಂಡಿನ ಹತ್ತಿರ ಇದ್ದರೆ ಸರಿ. ಗರಿಷ್ಠವನ್ನು ನೋಡಿದಾಗ ಎದೆ ಧಸಕ್ಕೆನ್ನುವುದು. ಒಂದು ಸಾಲು 02:14:07ಕ್ಕೆ ಮುಗಿದು ಮುಂದಿನ ಸಾಲು 05:51:40ಕ್ಕೆ ಶುರುವಾಗಿರುತ್ತದೆ. ನಡುವೆ ಮೂರೂವರೆ ಗಂಟೆ ನಾಪತ್ತೆ.

ಕದ್ದದ್ದು ಆಪರೇಟಿಂಗ್ ಸಿಸ್ಟಂ. ಆಂಡ್ರಾಯ್ಡ್ 6ರಲ್ಲಿ ಬಂದ, ಬ್ಯಾಟರಿ ಉಳಿಸುವ ಡೋಝ್ ವ್ಯವಸ್ಥೆ, ಪರದೆ ಆರಿ ಫೋನು ಅಲ್ಲಾಡದೆ ಬಿದ್ದಿದ್ದರೆ ಆ್ಯಪ್‌ಗಳ ಕೆಲಸವನ್ನು ಮುಂದಕ್ಕೆ ದೂಡುತ್ತದೆ. ಆಂಡ್ರಾಯ್ಡ್ 8 ಹಿನ್ನೆಲೆಯ ಸೇವೆಗಳಿಗೆ ಕಡಿವಾಣ ಹಾಕಿತು. ಆಂಡ್ರಾಯ್ಡ್ 9ರಿಂದ ಹಿನ್ನೆಲೆಯಲ್ಲಿರುವ ಆ್ಯಪ್‌ಗೆ ಆಕ್ಸೆಲೆರೋಮೀಟರ್, ಗೈರೋಸ್ಕೋಪ್ (ತಿರುಗುವ ವೇಗ ಅಳೆಯುವ ಸೆನ್ಸರ್) ಇವುಗಳ ರೀಡಿಂಗ್ ಬರುವುದೇ ನಿಲ್ಲುತ್ತದೆ. ದಾರಿ ಒಂದೇ: ನೋಟಿಫಿಕೇಶನ್ ಪಟ್ಟಿಯಲ್ಲಿ ಸದಾ ಕಾಣುವ ಫೋರ್‌ಗ್ರೌಂಡ್ ಸರ್ವಿಸ್. ಅದರ ಮೇಲೆ ಫೋನ್ ತಯಾರಕರು ತಮ್ಮದೇ ಬ್ಯಾಟರಿ ಉಳಿತಾಯದ ಕತ್ತರಿ ಆಡಿಸುತ್ತಾರೆ, ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ನ ಬ್ಯಾಟರಿ ನಿರ್ಬಂಧ ತೆಗೆಯಬೇಕು. ಮಾಡಿಯಾಯಿತು ಎಂದು ನಂಬದೆ ಒಂದು ಇಡೀ ರಾತ್ರಿ ಪರದೆ ಆರಿಸಿ, ಚಾರ್ಜರ್ ಕಿತ್ತು ಓಡಿಸಿ ನೋಡಿ. ಚಾರ್ಜಿನಲ್ಲಿದ್ದಾಗ ಡೋಝ್ ಬರುವುದಿಲ್ಲ. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿಕೊಂಡೇ ಪರೀಕ್ಷಿಸಿದವರಿಗೆ ಎಲ್ಲವೂ ಚೆನ್ನಾಗಿ ಓಡಿದಂತೆ ಕಾಣುವುದು ಇದಕ್ಕೇ.

ಆ ಮೂರೂವರೆ ಗಂಟೆಯ ತೂತನ್ನು ಹಾಗೇ ಬಿಡಬೇಕು. ಸ್ಯಾಂಪಲ್‌ಗಳನ್ನು ಸಮ ಅಂತರಕ್ಕೆ ತರಲು ಇಂಟರ್‌ಪೊಲೇಶನ್ (ನಡುವಿನ ಬೆಲೆಗಳನ್ನು ಅಂದಾಜಿಸಿ ತುಂಬುವುದು) ಮಾಡುವಾಗ ಬಹಳಷ್ಟು ಜನ ತೂತಿನ ಮೇಲೂ ನೇರ ಗೆರೆ ಎಳೆದುಬಿಡುತ್ತಾರೆ. ನೇರ ಗೆರೆ ಅಂದರೆ ಚಲನೆಯಿಲ್ಲ, ಚಲನೆಯಿಲ್ಲ ಅಂದರೆ ನಿದ್ದೆ ಎಂದು ಮುಂದಿನ ಪ್ರೋಗ್ರಾಂ ಬರೆದುಕೊಳ್ಳುತ್ತದೆ. ಆಂಡ್ರಾಯ್ಡ್ ಆ್ಯಪನ್ನು ಕೊಂದದ್ದು ಕೊನೆಗೆ ವರದಿಯಲ್ಲಿ ಗಾಢನಿದ್ರೆಯಾಗಿ ಅಚ್ಚಾಗುತ್ತದೆ! ಅರ್ಧ ಸೆಕೆಂಡಿನೊಳಗಿನ ಅಂತರವನ್ನು ತುಂಬಿಸಿ, ಅದಕ್ಕಿಂತ ದೊಡ್ಡದನ್ನು ಖಾಲಿ ಎಂದೇ ಗುರುತಿಸಿ. ಜೊತೆಗೆ ನಿಮಿಷಕ್ಕೊಮ್ಮೆ ಒಂದು ಪುಟ್ಟ ಸಾಲು ಬರೆಸಿ: ಬ್ಯಾಟರಿ ಶೇಕಡ ಎಷ್ಟು, ಚಾರ್ಜರ್ ಇದೆಯೇ, ಪರದೆ ಹೊತ್ತಿದೆಯೇ. ದಿನಕ್ಕೆ ಬರೀ 1,440 ಸಾಲು. ಆ ಸಾಲೂ ಇಲ್ಲವಾದರೆ ಆ್ಯಪ್ ಸತ್ತಿತ್ತು. ಸಾಲಿದೆ, ಚಾರ್ಜರ್ ಇದೆ, ಆಕ್ಸೆಲೆರೋಮೀಟರ್ ನಿಶ್ಚಲ ಎಂದಾದರೆ ಫೋನು ಮನುಷ್ಯನ ಮೈಮೇಲಿಲ್ಲ.

ಕೈಗಡಿಯಾರದ ಕಥೆ ಸ್ವಲ್ಪ ಬೇರೆ, ಅದು ಮೈಗೆ ಅಂಟಿಕೊಂಡಿರುತ್ತದೆ. ಆದರೂ ಬಿಚ್ಚಿಟ್ಟ ಹೊತ್ತನ್ನು ಕಂಡುಹಿಡಿಯಬೇಕು. ಬಳಕೆಯಲ್ಲಿರುವ ನಿಯಮ ಹೀಗಿದೆ: ಮೂರು ಅಕ್ಷಗಳ ಪೈಕಿ ಕನಿಷ್ಠ ಎರಡರಲ್ಲಿ ಒಂದು ಗಂಟೆಯ ಪ್ರಮಾಣಿತ ವಿಚಲನೆ (ರೀಡಿಂಗ್‌ಗಳು ಎಷ್ಟು ಏರಿಳಿದವು ಎಂಬ ಅಳತೆ) 13 ಮಿಲಿ-ಜಿಗಿಂತ, ಅಂದರೆ ಜಿಯ ಸಾವಿರದ 13 ಭಾಗಕ್ಕಿಂತ ಕಡಿಮೆ ಇದ್ದರೆ ಗಡಿಯಾರ ಕೈಯಲ್ಲಿಲ್ಲ. ಮಲಗಿದವರೂ ಗಂಟೆಯಲ್ಲಿ ಒಮ್ಮೆಯಾದರೂ ಮಗ್ಗುಲಾಗುತ್ತಾರೆ, ಕೈ ಸರಿಸುತ್ತಾರೆ, ಮೇಜು ಸರಿಯುವುದಿಲ್ಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ದೊಡ್ಡ ಆರೋಗ್ಯ ಅಧ್ಯಯನ 2013ರಿಂದ 2015ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ಮಣಿಕಟ್ಟಿಗೆ ಏಳು ದಿನ ಕಟ್ಟಿಸಿದ್ದು ಪರದೆಯೇ ಇಲ್ಲದ, 100 ಹರ್ಟ್ಜ್‌ನಲ್ಲಿ ತನ್ನೊಳಗೇ ಬರೆದುಕೊಳ್ಳುವ ಪೆದ್ದು ಪಟ್ಟಿಯನ್ನು. ಕೊಲ್ಲುವುದಕ್ಕೆ ಆ್ಯಪ್ ಇರಲಿಲ್ಲ, ನೋಡಿ ಹುರುಪಿನಿಂದ ಜಾಸ್ತಿ ನಡೆಯುವುದಕ್ಕೆ ಹೆಜ್ಜೆಯ ಸಂಖ್ಯೆಯೂ ಕಾಣುತ್ತಿರಲಿಲ್ಲ. ಚಲನೆಯೊಂದೇ ಬೇಕಿದ್ದವರಿಗೆ ಇಂದಿಗೂ ಅದೇ ಸರಿ ಎಂಬುದು ನನ್ನ ಅಭಿಪ್ರಾಯ. ಮಣಿಕಟ್ಟಿನ ದೌರ್ಬಲ್ಯವೂ ನೆನಪಿರಲಿ. ಕೈಗಾಡಿ ತಳ್ಳುತ್ತ ನಡೆದರೆ ಕೈ ಬೀಸುವುದಿಲ್ಲ, ಹೆಜ್ಜೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ಕೂತು ಚಪ್ಪಾಳೆ ತಟ್ಟಿದರೆ ಸಿಗಬಹುದು.

ಗಡಿಯಾರದ ಬೆನ್ನಿನಲ್ಲಿರುವ ಹೃದಯ ಬಡಿತದ ಹಸಿರು ದೀಪ ಚರ್ಮದೊಳಗಿನ ರಕ್ತದ ಏರಿಳಿತವನ್ನು ಬೆಳಕಿನಲ್ಲಿ ಓದುತ್ತದೆ. ಪಟ್ಟಿ ಸಡಿಲವಿದ್ದರೆ ಪ್ರತಿ ಹೆಜ್ಜೆಗೂ ಬೆಳಕು ಸೋರಿ ಅದೂ ಒಂದು ಬಡಿತದಂತೆಯೇ ಕಾಣುತ್ತದೆ. ನಿಮಿಷಕ್ಕೆ 165 ಹೆಜ್ಜೆ ಓಡುವವರ ಗಡಿಯಾರ ಬಡಿತವೂ 165 ಎಂದು ಹಟ ಹಿಡಿದರೆ ಅನುಮಾನಪಡಿ, ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಗೊತ್ತಾಗುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಬೇಕು. ಕೈ ತಣ್ಣಗಿದ್ದರೂ, ಆ ಜಾಗದಲ್ಲಿ ದಟ್ಟ ಹಚ್ಚೆ ಇದ್ದರೂ ಸಂಕೇತ ಮಸುಕಾಗುತ್ತದೆ. ಬಡಿತದಿಂದ ಬಡಿತದ ಅಂತರವೇ ಬೇಕಿದ್ದರೆ ಎದೆಗೆ ಕಟ್ಟುವ ಪಟ್ಟಿ ತೆಗೆದುಕೊಳ್ಳಿ. ಬ್ಲೂಟೂತ್‌ನಲ್ಲಿ ಆ ಅಂತರ ಬರುವುದು ಸೆಕೆಂಡಿನ 1/1024 ಅಂಶದ ಏಕಮಾನದಲ್ಲಿ, ಮಿಲಿಸೆಕೆಂಡ್ ಎಂದು ಓದಿದರೆ ಎಲ್ಲವೂ ಶೇಕಡ 2ಕ್ಕಿಂತ ಸ್ವಲ್ಪ ಹೆಚ್ಚೇ ತಪ್ಪು.

ಎರಡು ಸಾಧನ ಬಂದ ಮೇಲೆ ಎರಡು ಗಡಿಯಾರ. ಸಾಧನದೊಳಗೆ ಸಮಯ ಎಣಿಸುವ ಸ್ಫಟಿಕ ಹತ್ತು ಲಕ್ಷಕ್ಕೆ 20 ಭಾಗ ತಪ್ಪುವಂಥದ್ದಾದರೆ ದಿನಕ್ಕೆ 1.7 ಸೆಕೆಂಡ್, ವಾರಕ್ಕೆ 12 ಸೆಕೆಂಡ್ ಸರಿಯುತ್ತದೆ. ಸಾಲದ್ದಕ್ಕೆ ಸೆನ್ಸರ್ ಟೈಮ್‌ಸ್ಟ್ಯಾಂಪ್ ಫೋನು ಆನ್ ಆದಾಗಿನಿಂದ ಎಣಿಸಿದ್ದಾಗಿರಬಹುದು, ರೀಸ್ಟಾರ್ಟ್ ಆದರೆ ಮತ್ತೆ ಸೊನ್ನೆಯಿಂದ. ಶುರುವಿನಲ್ಲೂ ಕೊನೆಯಲ್ಲೂ ಫೋನನ್ನು ಗಡಿಯಾರ ಕಟ್ಟಿದ ಕೈಯಲ್ಲಿ ಹಿಡಿದು ಐದು ಸಲ ಜೋರಾಗಿ ಕುಲುಕಿ. ಎರಡೂ ಗ್ರಾಫಿನಲ್ಲಿ ಐದು ಮೊಳೆ ಹೊಡೆದಂತೆ ಕಾಣುತ್ತದೆ, ಅವನ್ನು ಒಂದರ ಮೇಲೊಂದು ಕೂರಿಸಿ ನಡುವೆ ಗಡಿಯಾರ ಸರಿದಷ್ಟನ್ನು ಸಮನಾಗಿ ಹಂಚಿಬಿಡಿ. ಸಮಯವನ್ನು ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಇಡಿ, ಸ್ಥಳೀಯ ವಲಯಕ್ಕೆ ಬೇರೆ ಕಾಲಂ.

ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಒಳ್ಳೆಯ ಸೇವಕ. ಸಮುದ್ರಮಟ್ಟದ ಸಮೀಪ ಸುಮಾರು 8 ಮೀಟರ್ ಏರಿದರೆ 1 ಹೆಕ್ಟೋಪಾಸ್ಕಲ್ ಇಳಿಯುತ್ತದೆ, ಒಂದು ಮಹಡಿಗೆ 0.36ರಷ್ಟು. ಹವಾಮಾನ ಬದಲಾದರೂ ಕೆಲ ಗಂಟೆಗಳಲ್ಲಿ ಅಷ್ಟೇ ಇಳಿಯಬಹುದಾದ್ದರಿಂದ ಅರ್ಧ ನಿಮಿಷದೊಳಗಿನ ವ್ಯತ್ಯಾಸವನ್ನಷ್ಟೇ ನಂಬಿ. ಜಿಪಿಎಸ್ ಬ್ಯಾಟರಿಬಾಕ. ಆಕ್ಸೆಲೆರೋಮೀಟರ್ ಚಲನೆ ಕಂಡಾಗ ಮಾತ್ರ ಎಬ್ಬಿಸಿ. ಒಳಾಂಗಣದಲ್ಲಿ ಬಿಂದುಗಳು ಅಡ್ಡಾದಿಡ್ಡಿ ಎಗರಿ, ಮಲಗಿದವರೂ ಕಿಲೋಮೀಟರ್ ನಡೆದಂತೆ ಮಾಡುತ್ತವೆ. ಆಂಡ್ರಾಯ್ಡ್ ಕೊಡುವ ‘ನಿಖರತೆ’ ಅಂದರೆ ನಿಜವಾದ ಜಾಗ ಆ ತ್ರಿಜ್ಯದೊಳಗೆ ಇರುವ ಸಾಧ್ಯತೆ ಶೇಕಡ 68. ಅದು 50 ಮೀಟರ್ ಮೀರಿದ ಬಿಂದುಗಳನ್ನು ಬಿಸಾಡಿ.

ಇನ್ನು ಲೇಬಲ್. ಸೆನ್ಸರ್ ಸಾಲುಗಳು ಪುಕ್ಕಟೆ ಬರುತ್ತವೆ, ‘ಆಗ ಏನು ಮಾಡುತ್ತಿದ್ದೆ’ ಎಂಬ ಉತ್ತರ ಬರುವುದಿಲ್ಲ. ರಾತ್ರಿ ಕೂತು ಇಡೀ ದಿನ ನೆನಪಿಸಿಕೊಂಡು ಬರೆದದ್ದು ನಂಬಲು ಬಾರದು. ದಿನಕ್ಕೆ ಐದಾರು ಸಲ ಫೋನೇ ಕೇಳಲಿ, ಕಳೆದ ಹತ್ತು ನಿಮಿಷದ ಬಗ್ಗೆ ಮಾತ್ರ ಕೇಳಲಿ, ಕಾಲು ಗಂಟೆಯಲ್ಲಿ ಉತ್ತರ ಬಾರದಿದ್ದರೆ ಪ್ರಶ್ನೆ ಮಾಯವಾಗಲಿ. ‘ಫೋನು ಎಲ್ಲಿತ್ತು’ ಎಂಬುದು ಮೊದಲ ಪ್ರಶ್ನೆಯಾಗಿರಲಿ: ಜೇಬು, ಕೈ, ಚೀಲ, ಮೇಜು. ಮುಂದೆ ಈ ಲೇಬಲ್‌ಗಳಿಂದ ಕಲಿತು ಚಟುವಟಿಕೆ ಗುರುತಿಸುವ ಕಂಪ್ಯೂಟರ್ ಮಾದರಿ ಕಟ್ಟುವಾಗ ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದ ಭಂಡಾರದಲ್ಲಿರುವ ಹೆಸರಾಂತ ಡೇಟಾಸೆಟ್‌ನಲ್ಲಿ 30 ಜನ ಫೋನನ್ನು ಸೊಂಟಕ್ಕೆ ಕಟ್ಟಿ ಆರು ಚಟುವಟಿಕೆ ಮಾಡಿದ್ದಾರೆ. 50 ಹರ್ಟ್ಜ್, 2.56 ಸೆಕೆಂಡಿನ ಕಿಟಕಿ (ಡೇಟಾದ ತುಂಡು), ಅಂದರೆ 128 ರೀಡಿಂಗ್, ಪಕ್ಕದ ಕಿಟಕಿಯೊಂದಿಗೆ ಅರ್ಧದಷ್ಟು ಹಂಚಿಕೆ. ಇಂಥ ಕಿಟಕಿಗಳನ್ನು ಕಲಸಿ ಎರಡು ಗುಡ್ಡೆ ಮಾಡಿದರೆ ಕಲಿತದ್ದರ ಅರ್ಧ ಭಾಗವೇ ಪರೀಕ್ಷೆಗೂ ಬಂದು ಅಂಕ ಉಬ್ಬುತ್ತದೆ. ಅದಕ್ಕೇ ಅಲ್ಲಿ ಹಂಚಿದ್ದು ಜನರನ್ನು: 21 ಮಂದಿ ಕಲಿಕೆಗೆ, 9 ಮಂದಿ ಪರೀಕ್ಷೆಗೆ. ಅದರಲ್ಲಿ ಚೆನ್ನಾಗಿ ಓಡಿದ ಮಾದರಿಯೂ ಜೇಬಿನಲ್ಲಿ ತಲೆಕೆಳಗಾಗಿ ಬಿದ್ದ ಫೋನಿನ ಮುಂದೆ ತಬ್ಬಿಬ್ಬಾಗುವುದು ಸಹಜ. ಮೂರು ಅಕ್ಷಗಳ ವರ್ಗಗಳ ಮೊತ್ತದ ವರ್ಗಮೂಲ ತೆಗೆದುಕೊಂಡರೆ ದಿಕ್ಕಿನ ಕಾಟ ತಪ್ಪುತ್ತದೆ, ಆದರೆ ಕೂತದ್ದೋ ಮಲಗಿದ್ದೋ ತಿಳಿಯುವ ಸುಳಿವೂ ಅದರ ಜೊತೆಗೇ ಹೋಗುತ್ತದೆ.

ಹೆಸರು ಅಳಿಸಿದ ಮಾತ್ರಕ್ಕೆ ಫೈಲ್ ಅನಾಮಧೇಯವಾಗುವುದಿಲ್ಲ. 15 ಲಕ್ಷ ಜನರ ಮೊಬೈಲ್ ದಾಖಲೆಗಳ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜಾಗ ಮತ್ತು ಹೊತ್ತಿನ ನಾಲ್ಕೇ ಬಿಂದುಗಳು ಶೇಕಡ 95ರಷ್ಟು ಜನರನ್ನು ಬೇರೆಯಾಗಿ ಗುರುತಿಸಲು ಸಾಕಾದವು. ಅಕ್ಷಾಂಶ ರೇಖಾಂಶಗಳನ್ನು ಫೋನಿನಲ್ಲೇ ‘ಮನೆ’, ‘ಕೆಲಸ’, ‘ದಾರಿ’ ಎಂದು ಬದಲಿಸಿ ಕಚ್ಚಾ ಬಿಂದುಗಳನ್ನು ಅಲ್ಲಿಯೇ ಅಳಿಸಿ. ಮೈಕ್ ಬಳಸುವುದಾದರೆ ಸದ್ದಿನ ಮಟ್ಟವನ್ನಷ್ಟೇ ಬರೆಸಿ, ಧ್ವನಿಯನ್ನಲ್ಲ. ಪಕ್ಕದಲ್ಲಿ ಮಾತಾಡುತ್ತಿರುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರುವುದಿಲ್ಲವಲ್ಲ.