ಡಿಕ್ಕಿಯಲ್ಲ, ಗುಂಡು

7 ಸೆಪ್ಟೆಂಬರ್ 2024, ಶನಿವಾರ, ರಾತ್ರಿ

ಬೀದಿಯಲ್ಲಿ ಗಣೇಶನ ಗಲಾಟೆ ಇನ್ನೂ ಮುಗಿದಿಲ್ಲ. ಸಂಜೆ ಚಿನ್ನು ಫೋನ್ ಮಾಡಿದ್ದಳು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಬಗ್ಗೆ ಸೋಮವಾರ ಕಾಲೇಜಿನಲ್ಲಿ ಐದು ನಿಮಿಷ ಮಾತಾಡಬೇಕಂತೆ. ಬರೆದುಕೊಂಡಿದ್ದನ್ನು ಓದಿದಳು. ಹುಟ್ಟಿದ್ದು 1932, ಕೊಡಗು, ವಾಯುಪಡೆ ಸೇರಿದ್ದು 1954, ಎಲ್ಲ ಸರಿ. ಕೊನೆಯ ಸಾಲಿಗೆ ಬಂದಾಗ ತಡೆದೆ.

"ತನ್ನ ವಿಮಾನವನ್ನೇ ಶತ್ರು ವಿಮಾನಕ್ಕೆ ಡಿಕ್ಕಿ ಹೊಡೆಸಿ ವೀರಸ್ವರ್ಗ ಸೇರಿದರು ಅಂತ ಎಲ್ಲಿ ಸಿಕ್ಕಿತು ನಿನಗೆ?"

"ವಾಟ್ಸಾಪಲ್ಲಿ ಬಂದಿತ್ತು ಚಿಕ್ಕಪ್ಪ. ಚೆನ್ನಾಗಿದೆಯಲ್ವಾ? ಮೈ ಜುಂ ಅನ್ನುತ್ತೆ."

ಮೈ ಜುಂ ಅನ್ನುತ್ತೆ, ನಿಜ. ಆದರೆ ಆ ಒಂದು ಸಾಲು ಅವರ ಕೈಚಳಕವನ್ನೆಲ್ಲ ಅಳಿಸಿಹಾಕುತ್ತದೆ. ಡಿಕ್ಕಿ ಹೊಡೆಯಲು ಧೈರ್ಯ ಒಂದಿದ್ದರೆ ಸಾಕು. 1965ರ ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರ ಬೆಳಿಗ್ಗೆ, ಅವರು ಮಾಡಿದ ಕೆಲಸಕ್ಕೆ ಧೈರ್ಯದ ಜೊತೆಗೆ ವಿದ್ಯೆಯೂ ಬೇಕಿತ್ತು. ತನಗಿಂತ ಎರಡು ಪಟ್ಟು ವೇಗದ ವಿಮಾನವನ್ನು, ಅದೂ ಮೊದಲೇ ಗುಂಡೇಟು ತಿಂದಿದ್ದ ವಿಮಾನದಲ್ಲಿ ಕೂತು, ಫಿರಂಗಿಯಿಂದ ಹೊಡೆದು ಬೀಳಿಸಿದವರು ಅವರು. ಇದನ್ನು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟೆ. ಚಿನ್ನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಧಾನದ ವಿಮಾನ ವೇಗದ್ದನ್ನ ಹೇಗೆ ಹೊಡೆಯುತ್ತೆ ಚಿಕ್ಕಪ್ಪ? ಅದು ಓಡಿಹೋಗಲ್ವಾ?" ಅಂದಳು.

ಸರಿಯಾದ ಪ್ರಶ್ನೆ. ಉತ್ತರ ಅಲ್ಲೇ ಇದೆ. ಅದು ಓಡಿಹೋಗಿದ್ದರೆ ಉಳಿಯುತ್ತಿತ್ತು.

ಅವಳಿಗೆ ಕಳಿಸಲೆಂದೇ ಇದನ್ನು ಬರೆಯುತ್ತಿದ್ದೇನೆ. ನೀವೂ ಓದಿ.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ನಮ್ಮ ಪಠಾಣ್‌ಕೋಟ್ ನೆಲೆಗೆ ನುಗ್ಗಿ, ನೆಲದ ಮೇಲೆ ನಿಂತಿದ್ದ ವಿಮಾನಗಳನ್ನು ಸುಟ್ಟುಹಾಕಿದವು. ಅದೇ ರಾತ್ರಿ ಪಠಾಣ್‌ಕೋಟ್, ಆದಂಪುರ, ಹಲ್ವಾರಾ ಮೂರೂ ಕಡೆ ಅವರ ಪ್ಯಾರಾಟ್ರೂಪರ್‌ಗಳು ಇಳಿದರು. ಆದಂಪುರದಲ್ಲಿದ್ದ ನಮ್ಮ 1ನೇ ಸ್ಕ್ವಾಡ್ರನ್ನಿಗೆ ಬೆಳಕು ಹರಿಯುವ ಹೊತ್ತಿಗೆ ಸರ್ಗೋಧಾ ಮೇಲೆ ಇರಬೇಕೆಂಬ ಆದೇಶವಿತ್ತು. ಸರ್ಗೋಧಾ ಎಂದರೆ ಪಾಕಿಸ್ತಾನ ವಾಯುಪಡೆಯ ಎದೆ. ಫ್ರಾನ್ಸಿನಲ್ಲಿ ತಯಾರಾದ ಹನ್ನೆರಡು ಮಿಸ್ಟೇರ್ ಯುದ್ಧವಿಮಾನಗಳು, ನಾಲ್ಕು ನಾಲ್ಕರ ಮೂರು ತಂಡ, ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಮೀಸಲು. ಯಾವುದಾದರೂ ವಿಮಾನ ಕೈಕೊಟ್ಟರೆ ಆ ಜಾಗಕ್ಕೆ ಸೇರಿಕೊಳ್ಳಬೇಕಾದವರು. ಒಂದು ಜಾಗ ಖಾಲಿಯಾಯಿತು, ಅವರು ಹೊರಟರು.

ಆ ಪ್ರಯಾಣ ಎಂಥದ್ದೆಂದು ಸ್ವಲ್ಪ ಯೋಚಿಸಿ. ಆದಂಪುರದಿಂದ ಸರ್ಗೋಧಾಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ರಾಡಾರ್ ಕಣ್ಣಿಗೆ ಬೀಳದಿರಲು ಮರಗಳ ನೆತ್ತಿ ಸವರುವಷ್ಟು ಕೆಳಗೆ ಹಾರಬೇಕು. ಹೊತ್ತು ಇನ್ನೂ ಹುಟ್ಟಿಲ್ಲ, ಕೆಳಗೆ ಊರುಗಳೆಲ್ಲ ದೀಪ ಆರಿಸಿ ಕೂತಿವೆ. ದಾರಿ ತೋರಿಸಲು ದಿಕ್ಸೂಚಿ, ಗಡಿಯಾರ, ತೊಡೆಯ ಮೇಲೊಂದು ನಕ್ಷೆ, ಅಷ್ಟೇ. ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ 300 ಕಿ.ಮೀ. ಮುಗಿಯುವ ಹೊತ್ತಿಗೆ ಗುರಿಯಿಂದ ಐದು ಕಿ.ಮೀ. ಪಕ್ಕಕ್ಕೆ ಸರಿದಿರುತ್ತೀರಿ. ಆ ಎತ್ತರದಿಂದ, ಆ ಮಬ್ಬಿನಲ್ಲಿ, ಐದು ಕಿ.ಮೀ. ಆಚೆಯ ರನ್‌ವೇ ಕಾಣುವುದಿಲ್ಲ. ಹುಡುಕುತ್ತಾ ಸುತ್ತು ಹಾಕೋಣವೆಂದರೆ ಇಂಧನವಿಲ್ಲ.

ಇಂಧನದ ವಿಷಯ ಚೆನ್ನಾಗಿ ತಿಳಿದುಕೊಳ್ಳಬೇಕು ಚಿನ್ನು, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಜೆಟ್ ಎಂಜಿನ್ ಎತ್ತರದಲ್ಲಿ ಮಿತವಾಗಿ ಕುಡಿಯುತ್ತದೆ. ಕೆಳಗೆ ಗಾಳಿ ದಟ್ಟ, ಅದನ್ನು ಸೀಳಿಕೊಂಡು ಹೋಗಲು ಅದೇ ದೂರಕ್ಕೆ ಎಷ್ಟೋ ಪಾಲು ಹೆಚ್ಚು ಸುಡುತ್ತದೆ. ಹೋಗುವಾಗಲೂ ಕೆಳಗೆ, ಬರುವಾಗಲೂ ಕೆಳಗೆ ಎಂದಾಗ ಗುರಿಯ ಮೇಲೆ ಒಂದು ಸುತ್ತು, ಹೊಡೆ, ತಿರುಗು, ಮನೆಗೆ, ಇಷ್ಟಕ್ಕೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಇಂಥ ದಾಳಿಗೆ ಹೋದವನನ್ನು ಶತ್ರು ಬೆನ್ನಟ್ಟಿದರೆ ಕೆಳಗೇ ಅಂಟಿಕೊಂಡು ಗಡಿಯ ಕಡೆ ಓಡುವುದು ವಾಡಿಕೆ. ನಿಂತು ಕಾದಾಡಿದರೆ ಎಂಜಿನ್ನಿನ ಬಲ ಹೆಚ್ಚಿಸುವ ಹಿಡಿ, ಅಂದರೆ ಥ್ರಾಟಲ್, ಪೂರ್ತಿ ಮುಂದಕ್ಕೆ, ಆ ಕೆಲವೇ ನಿಮಿಷಗಳು ವಾಪಸು ದಾರಿಯನ್ನು ನುಂಗಿಬಿಡುತ್ತವೆ. ಮುಖ ತಿರುಗಿಸಿ ಕಾದಾಡಲು ನಿಂತ ಕ್ಷಣವೇ ಆದಂಪುರ ಕೈತಪ್ಪಿತು. ಮಿಸ್ಟೇರ್ ಹಾರಿಸುವ ಯಾವ ಪೈಲಟ್‌ಗೂ ಇದು ಗೊತ್ತು. ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದ ದೇವಯ್ಯನವರಿಗೆ ಗೊತ್ತಿರಲಿಲ್ಲ ಎನ್ನುವ ಮಾತೇ ಇಲ್ಲ.

ಇನ್ನು ಎದುರಾಳಿ. ಲಾಕ್‌ಹೀಡ್ ಎಫ್-104 ಸ್ಟಾರ್‌ಫೈಟರ್. 1961ರಲ್ಲಿ ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟ ಹನ್ನೆರಡರಲ್ಲಿ ಒಂದು, ಸರ್ಗೋಧಾದ ಕಾವಲಿಗಿತ್ತು. ಚಾಲಕ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಎತ್ತರದಲ್ಲಿ ಶಬ್ದಕ್ಕಿಂತ ಎರಡು ಪಟ್ಟು ವೇಗ. ಮಿಸ್ಟೇರ್‌ಗೆ ಸಮತಟ್ಟಾಗಿ ಹಾರುವಾಗ ಶಬ್ದದ ವೇಗ ಮುಟ್ಟಲೂ ಆಗುವುದಿಲ್ಲ. ಸ್ಟಾರ್‌ಫೈಟರ್‌ನಲ್ಲಿ ಶಾಖ ಹಿಂಬಾಲಿಸುವ ಸೈಡ್‌ವಿಂಡರ್ ಕ್ಷಿಪಣಿ, ಜೊತೆಗೆ ಆರು ನಳಿಗೆಯ 20 ಎಂ.ಎಂ. ಫಿರಂಗಿ. ಮಿಸ್ಟೇರ್‌ನಲ್ಲಿ ಎರಡು 30 ಎಂ.ಎಂ. ಡೆಫಾ ಫಿರಂಗಿ, ಒಂದೊಂದಕ್ಕೆ 150 ಗುಂಡು. ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಗುಂಡು ಹಾರಿಸುವ ಫಿರಂಗಿಗೆ 150 ಗುಂಡೆಂದರೆ ಏಳೆಂಟು ಸೆಕೆಂಡಿನ ಮಾತು. ಗುಂಡಿ ಒತ್ತಿ ಹಿಡಿದರೆ ಒಂದು ದೀರ್ಘ ಉಸಿರಿನಲ್ಲಿ ಎಲ್ಲ ಖಾಲಿ.

ಕಾಗದದ ಮೇಲೆ ಜೋಡಿಯೇ ಅಲ್ಲ. ಆದರೆ ಸ್ಟಾರ್‌ಫೈಟರ್‌ನ ರೆಕ್ಕೆ ನೋಡಬೇಕು ನೀವು. ಹದಿನಾರೂವರೆ ಮೀಟರ್ ಉದ್ದದ ಮೈಗೆ ಈ ತುದಿಯಿಂದ ಆ ತುದಿಗೆ ಏಳು ಮೀಟರೂ ಇಲ್ಲದ ರೆಕ್ಕೆ. ಅಂಚು ಎಷ್ಟು ತೆಳುವೆಂದರೆ, ನೆಲದ ಮೇಲೆ ಕೆಲಸ ಮಾಡುವ ಸಿಬ್ಬಂದಿಯ ಮೈಕೈ ಕೊಯ್ಯದಿರಲೆಂದು ಅದಕ್ಕೆ ಗವಸು ಹಾಕಿಡುತ್ತಿದ್ದರು. ರೆಕ್ಕೆಯ ಹರವು 18 ಚದರ ಮೀಟರ್, ಮಿಸ್ಟೇರ್‌ನದು 32. ತೂಕ ಸ್ಟಾರ್‌ಫೈಟರ್‌ನದೇ ಹೆಚ್ಚು. ಹಾಗಾಗಿ ಮಿಸ್ಟೇರ್‌ನ ರೆಕ್ಕೆಗೆ ಹೋಲಿಸಿದರೆ ಅದರ ರೆಕ್ಕೆಯ ಪ್ರತಿ ಚದರ ಮೀಟರೂ ಹೆಚ್ಚುಕಡಿಮೆ ಎರಡರಷ್ಟು ಭಾರ ಹೊರಬೇಕು. ನೇರ ಓಡುವಾಗ ಇದು ಬಾಧಿಸದು. ತಿರುಗುವಾಗ ಬಾಧಿಸುತ್ತದೆ. ತಿರುವಿನಲ್ಲಿ ವಿಮಾನದ ತೂಕ ನಾಲ್ಕೈದು ಪಟ್ಟಾದ ಹಾಗೆ ರೆಕ್ಕೆಯ ಮೇಲೆ ಒತ್ತಡ ಬೀಳುತ್ತದೆ, ಚಿಕ್ಕ ರೆಕ್ಕೆ ಅದನ್ನು ಹೊರಲಾರದೆ ಗಾಳಿಯ ಹಿಡಿತ ಬಿಟ್ಟುಬಿಡುತ್ತದೆ. ವೇಗದ ಲೆಕ್ಕವೂ ಹಾಗೇ. ಒತ್ತಡ ಅಷ್ಟೇ ಇದ್ದು ವೇಗ ಒಂದೂವರೆ ಪಟ್ಟಾದರೆ ತಿರುವಿನ ವೃತ್ತ ಎರಡೂಕಾಲು ಪಟ್ಟು ದೊಡ್ಡದಾಗುತ್ತದೆ. ವೇಗದವನು ವಿಶಾಲವಾಗಿ ಸುತ್ತಿಬರುವಷ್ಟರಲ್ಲಿ ನಿಧಾನದವನು ಒಳಗೊಳಗೇ ತಿರುಗಿ ಅವನ ಬೆನ್ನಿಗೆ ಬಂದಿರುತ್ತಾನೆ.

ಅದಕ್ಕೇ ಸ್ಟಾರ್‌ಫೈಟರ್ ಪೈಲಟ್‌ಗೆ ಇರುವುದು ಒಂದೇ ನಿಯಮ. ವೇಗದಲ್ಲಿ ಬಾ, ಹೊಡಿ, ಮೇಲಕ್ಕೆ ಹೋಗು. ತಿರುಗಾಟಕ್ಕೆ ಇಳಿಯಬೇಡ.

ಆ ಬೆಳಿಗ್ಗೆ ಅಮ್ಜದ್ ಹುಸೇನ್ ಮೊದಲು ಕ್ಷಿಪಣಿ ಬಿಟ್ಟರು. ಅದು ಹೋಗಿ ನೆಲಕ್ಕೆ ಬಡಿಯಿತು. ಆ ಕಾಲದ ಸೈಡ್‌ವಿಂಡರ್‌ಗೆ ನೆಲದ ಹತ್ತಿರ ಎಂಜಿನ್ನಿನ ಶಾಖ ಯಾವುದು, ಭೂಮಿಯ ಶಾಖ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಆಮೇಲೆ ಹತ್ತಿರ ಬಂದು ಫಿರಂಗಿಯಿಂದ ಹೊಡೆದರು. ಗುಂಡು ತಗುಲಿತು. ಮಿಸ್ಟೇರ್ ಕಥೆ ಮುಗಿಯಿತೆಂದು ಅವರು ಬೇರೆ ಕಡೆ ಹೊರಳಿದರು. ಮುಗಿದಿರಲಿಲ್ಲ. ಏಟು ತಿಂದ ಮಿಸ್ಟೇರ್ ತಿರುಗಿ ಅವರ ಮೇಲೇ ಬಂತು. ಇಬ್ಬರೂ ನೆಲಕ್ಕೆ ಸಮೀಪದಲ್ಲೇ ಸೆಣಸಿದರು. ಆ ಸೆಣಸಾಟದಲ್ಲಿ ಸ್ಟಾರ್‌ಫೈಟರ್ ತನ್ನ ವೇಗ ಬಿಟ್ಟುಕೊಟ್ಟಿತು. ವೇಗ ಬಿಟ್ಟುಕೊಟ್ಟ ಸ್ಟಾರ್‌ಫೈಟರ್ ಬರೀ ಭಾರವಾದ ಕಬ್ಬಿಣ. ದೇವಯ್ಯನವರ ಗುಂಡುಗಳು ಅದನ್ನು ಹೊಕ್ಕವು. ಅಮ್ಜದ್ ಹುಸೇನ್ ಆಸನ ಚಿಮ್ಮಿಸಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಮಿಸ್ಟೇರ್ ಅಲ್ಲೇ ಎಲ್ಲೋ ಹೊಲಗಳ ನಡುವೆ ಬಿತ್ತು.

ದೇವಯ್ಯನವರಿಗೆ 32 ವರ್ಷ.

ಇಷ್ಟು ಬರೆದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹೊರಗೆ ಯಾರೋ ಸರಪಟಾಕಿ ಹಚ್ಚಿದರು.

ಕೋಪ ಬರುವುದು ಇನ್ನೊಂದಕ್ಕೆ. ಇಷ್ಟೆಲ್ಲ ನಡೆದದ್ದು ನಮ್ಮವರಿಗೆ ಗೊತ್ತೇ ಇರಲಿಲ್ಲ. ಉಳಿದ ಮಿಸ್ಟೇರ್‌ಗಳು ಚದುರಿ, ನೆಲಕ್ಕಂಟಿಕೊಂಡು, ತಮ್ಮ ತಮ್ಮ ಇಂಧನದ ಮುಳ್ಳು ನೋಡಿಕೊಂಡು ಮನೆಯ ದಾರಿ ಹಿಡಿದಿದ್ದವು. ಹಿಂದಿದ್ದವನಿಗೆ ಏನಾಯಿತೆಂದು ಕಂಡವರಿಲ್ಲ. ಆಕಾಶಯುದ್ಧದಲ್ಲಿ ಒಂದು ವಿಮಾನ ಬೀಳಿಸಿದ್ದೇನೆ ಎನ್ನಲು ಸಾಮಾನ್ಯವಾಗಿ ಎರಡು ಬಗೆಯ ಪುರಾವೆ. ಜೊತೆಗಾರನ ಕಣ್ಣು, ಇಲ್ಲವೇ ಫಿರಂಗಿಯ ಜೊತೆ ತಾನಾಗಿ ಓಡುವ ಕ್ಯಾಮೆರಾದ ಫಿಲ್ಮು. ಕಣ್ಣು ಇರಲಿಲ್ಲ. ಫಿಲ್ಮು ವಿಮಾನದ ಜೊತೆ ಹೋಯಿತು. ಹಾಗಾಗಿ ದಾಖಲೆಯಲ್ಲಿ ಉಳಿದದ್ದು ಒಂದೇ ಪದ, ನಾಪತ್ತೆ.

ಅದೇ ಯುದ್ಧದ ಕೊನೆಯಲ್ಲಿ ಜನರಲ್ ಕಾರ್ಯಪ್ಪನವರ ಮಗ ಹಂಟರ್ ವಿಮಾನ ಹಾರಿಸುತ್ತಾ ಅಲ್ಲೇ ಬಿದ್ದು ಸೆರೆಸಿಕ್ಕರು. ಆ ಸುದ್ದಿಯನ್ನು ಪಾಕಿಸ್ತಾನದ ರೇಡಿಯೋವೇ ಹೇಳಿತು. ಕೊಡಗಿನ ಒಂದು ಮನೆಗೆ ಮಗ ಬದುಕಿದ್ದಾನೆಂದು ತಿಳಿಯಿತು, ಇನ್ನೊಂದು ಮನೆಗೆ ಏನೂ ತಿಳಿಯಲಿಲ್ಲ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಬರುವುದೂ ಸೆಪ್ಟೆಂಬರ್ ಮೊದಲ ವಾರದಲ್ಲೇ. ಪ್ರತಿ ವರ್ಷ ಕೋವಿಗೆ ಹೂವಿಟ್ಟು ಪೂಜೆ ಮಾಡುವ ವಾರದಲ್ಲೇ ಆ ಮನೆಯವರಿಗೆ ಈ ತಾರೀಖೂ ಎದುರಾಗುತ್ತಿತ್ತು ಎನ್ನುವುದನ್ನು ನೆನೆದರೆ ಸಂಕಟವಾಗುತ್ತದೆ.

ಪಾಕಿಸ್ತಾನದ ಕಡೆ ಮೊದಲು ಹಬ್ಬಿದ ಮಾತು, ಸಿಡಿದ ಮಿಸ್ಟೇರ್‌ನ ಚೂರುಗಳಿಗೆ ತಾಗಿ ಸ್ಟಾರ್‌ಫೈಟರ್ ಬಿತ್ತೆಂದು. ನೋಡಿ, ಡಿಕ್ಕಿಯ ಕಥೆಯ ಬೇರು ಅಲ್ಲಿಯವರೆಗೂ ಹೋಗುತ್ತದೆ. ತಮ್ಮ ಅತ್ಯುತ್ತಮ ವಿಮಾನವನ್ನು ಫ್ರಾನ್ಸಿನ ಹಳೆಯ ಮಿಸ್ಟೇರ್ ಒಂದು ಹೊಡೆದುರುಳಿಸಿತೆಂದು ಒಪ್ಪಿಕೊಳ್ಳುವುದಕ್ಕಿಂತ ಚೂರು ತಾಗಿತೆನ್ನುವುದು ಸುಲಭ. ನಮ್ಮವರೇ ಈಗ ಅದಕ್ಕೆ ಬಣ್ಣ ಬಳಿದು, ಬೇಕೆಂದೇ ಡಿಕ್ಕಿ ಹೊಡೆದರೆಂದು ಹೇಳಿದರೆ, ದೇವಯ್ಯನವರಿಂದ ಕಿತ್ತುಕೊಂಡದ್ದನ್ನೇ ಮತ್ತೊಮ್ಮೆ ಕಿತ್ತುಕೊಂಡ ಹಾಗೆ. ಬೇಡ ಚಿನ್ನು, ಆ ಸಾಲು ತೆಗೆ.

ಸತ್ಯ ಬಂದದ್ದು ಎದುರಾಳಿಯ ಮನೆಯಿಂದಲೇ. ಪಾಕಿಸ್ತಾನ ವಾಯುಪಡೆಯ ಸಹಕಾರ ಪಡೆದು ಬ್ರಿಟಿಷ್ ಲೇಖಕರೊಬ್ಬರು 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆ ದಿನ ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರ್‌ನ ಗುಂಡಿನಿಂದ ಎನ್ನುವ ವಿವರ ಬಂತು. ಆ ದಾಳಿಯಿಂದ ವಾಪಸು ಬಂದವರ ಪಟ್ಟಿ ನಮ್ಮಲ್ಲಿತ್ತು. ಬಾರದವರು ಒಬ್ಬರೇ. ಹಾಗಾದರೆ ಆ ಮಿಸ್ಟೇರ್ ಯಾರದ್ದು? ಇನ್ನೇನು ಲೆಕ್ಕ ಬೇಕು? ಆದರೂ ತನೇಜಾ ಪತ್ರ ಬರೆಯಬೇಕಾಯಿತು, ಕಡತಗಳು ಮೇಜಿನಿಂದ ಮೇಜಿಗೆ ಸರಿಯಬೇಕಾಯಿತು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಪುಸ್ತಕ ಬಂದು ಒಂಬತ್ತು ವರ್ಷ, ಅವರು ಬಿದ್ದು ಇಪ್ಪತ್ತಮೂರು ವರ್ಷ.

ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಬಳಿ ಬಿದ್ದು ನಮ್ಮವರಿಗೇ ಸೆರೆಸಿಕ್ಕಿದ್ದರು. ಆ ಬೆಳಗನ್ನು ಕಣ್ಣಾರೆ ಕಂಡು ಬದುಕುಳಿದ ಮನುಷ್ಯ ನಮ್ಮ ನೆಲದಲ್ಲೇ ಇದ್ದರು. 1965ರಲ್ಲಿ ನಿಮ್ಮನ್ನು ಬೀಳಿಸಿದ್ದು ಯಾರೆಂದು ಅವರನ್ನು ಕೂರಿಸಿ ಕೇಳಿದ್ದರೆ, ಕೇಳಲು ನಮ್ಮವರಿಗೆ ಹೊಳೆದಿದ್ದರೆ...

ಮಡಿಕೇರಿಯಲ್ಲಿ ಈಗ ದೇವಯ್ಯನವರ ಹೆಸರಿನ ವೃತ್ತವಿದೆ. ಬಸ್ಸಿಗೆ ಓಡುವವರು ದಿನವೂ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಸೆಪ್ಟೆಂಬರ್ 7ಕ್ಕೆ ಹೂಮಾಲೆ ಬೀಳುತ್ತದೆ. ಒಳ್ಳೆಯದೇ. ಭಾಷಣ ಮಾಡುವವರು ಮಿಸ್ಟೇರ್ ಎನ್ನುವ ಹೆಸರನ್ನಾದರೂ ಒಮ್ಮೆ ಹೇಳಿದರೆ, ಎರಡು ಫಿರಂಗಿ, ಏಳೆಂಟು ಸೆಕೆಂಡಿನ ಗುಂಡು ಎಂದು ಹೇಳಿದರೆ, ಕೇಳುವ ಹುಡುಗರಿಗೆ ಅವರು ಹೇಗೆ ಗೆದ್ದರೆಂದೂ ತಿಳಿಯುತ್ತದೆ.

ಇಷ್ಟು ಟೈಪ್ ಮಾಡುವಷ್ಟರಲ್ಲಿ ಚಿನ್ನು ಮೆಸೇಜ್ ಹಾಕಿದ್ದಾಳೆ. "ಚಿಕ್ಕಪ್ಪ, ಆ ಸಾಲು ತೆಗೆದೆ. ಆದ್ರೆ ಎಕ್ಸ್‌ಟ್ರಾ ಟ್ಯಾಂಕ್ ಹಾಕ್ಕೊಂಡು ಹೋಗಿದ್ರೆ ವಾಪಸ್ ಬರಬಹುದಿತ್ತಲ್ವಾ?"

ಹುಡುಗಿ ಚುರುಕು. ದೂರದ ದಾಳಿಗೆ ರೆಕ್ಕೆಯಡಿ ಡ್ರಾಪ್ ಟ್ಯಾಂಕ್ ಕಟ್ಟುವುದು ರೂಢಿಯೇ. ಆದರೆ ಅದು ಉಪಯೋಗಕ್ಕೆ ಬರುವುದು ಹೋಗುವಾಗ. ಅದರಲ್ಲಿರುವುದನ್ನು ಮೊದಲು ಸುಡುತ್ತಾರೆ, ಒಳಗಿನ ಟ್ಯಾಂಕನ್ನು ವಾಪಸಿಗೆ ಕಾದಿಡುತ್ತಾರೆ. ರೆಕ್ಕೆಗೆ ಟ್ಯಾಂಕ್ ನೇತುಹಾಕಿಕೊಂಡು ಬಿರುಸಾಗಿ ತಿರುಗಲಾಗದು, ಗಾಳಿ ಅದನ್ನೇ ಹಿಡಿದು ಎಳೆಯುತ್ತದೆ. ಕಾದಾಟ ಶುರುವಾದರೆ ಮೊದಲು ಮಾಡುವ ಕೆಲಸವೇ ಅದನ್ನು ಕಳಚಿ ಎಸೆಯುವುದು, ಅದರಲ್ಲಿ ಇನ್ನೆಷ್ಟೇ ಉಳಿದಿರಲಿ. ಹಾಗಾಗಿ ಎಷ್ಟು ಇಂಧನ ಹೊತ್ತುಕೊಂಡು ಬಂದರೂ ತಿರುಗಿ ನಿಂತವನ ಬಳಿ ಉಳಿಯುವುದು ಒಳಗಿನದಷ್ಟೇ. ಅದನ್ನೂ ಪೂರ್ತಿ ಥ್ರಾಟಲ್‌ನಲ್ಲಿ, ಗುಂಡು ತಗುಲಿದ ಮೇಲೆ, ಸೋರಿಕೆಯೇನಾದರೂ ಆಗಿದ್ದರೆ...