ಉಪಗ್ರಹ ಚಿತ್ರವೂ ಉಬ್ಬರದ ಗಂಟೆಯೂ

ಅಳಿವೆಯೊಂದರ ಕೆಸರುಬಯಲು ನಿಜವಾಗಿಯೂ ಕುಗ್ಗುತ್ತಿದೆಯೇ ಎಂಬ ಪ್ರಶ್ನೆಗೆ ಉಪಗ್ರಹ ಚಿತ್ರಗಳಲ್ಲಿ ಉತ್ತರ ಹುಡುಕುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಎರಡು ದಶಕಗಳ ಅಂತರದಲ್ಲಿ ತೆಗೆದ ಎರಡು ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟಾಗ ಕಂಡ ವ್ಯತ್ಯಾಸ ಯಾರನ್ನಾದರೂ ಕಂಗೆಡಿಸುವಂತಿತ್ತು. ಹಳೆಯ ಚಿತ್ರದಲ್ಲಿ ಅಗಲವಾಗಿ ಹರಡಿದ್ದ ಬೂದುಬಣ್ಣದ ಬಯಲು ಹೊಸ ಚಿತ್ರದಲ್ಲಿ ದಡಕ್ಕೆ ಅಂಟಿದ ಒಂದು ಪಟ್ಟಿಯಷ್ಟೇ ಆಗಿತ್ತು. ಆದರೆ ಅಳಿವೆಯ ಚಿತ್ರವನ್ನು ಓದುವವರು ಮೊದಲು ಕೇಳಬೇಕಾದದ್ದು ಅದನ್ನು ತೆಗೆದ ಗಳಿಗೆಯಲ್ಲಿ ನೀರು ಎಷ್ಟು ಎತ್ತರದಲ್ಲಿತ್ತು ಎಂಬುದನ್ನು. ಪ್ರತಿ ಚಿತ್ರದ ಜೊತೆಗೂ ಅದನ್ನು ತೆಗೆದ ದಿನಾಂಕ ಮತ್ತು ಸಮಯದ ವಿವರ ಇರುತ್ತದೆ. ಆ ಸಮಯಗಳನ್ನು ಉಬ್ಬರವಿಳಿತದ ಲೆಕ್ಕಕ್ಕೆ ಹೊಂದಿಸಿ ನೋಡಿದಾಗ ಹಳೆಯದು ಇಳಿತದ ಕೊನೆಯ ಹೊತ್ತಿನದು, ಹೊಸದು ಉಬ್ಬರ ತುಂಬುತ್ತಿದ್ದ ಹೊತ್ತಿನದು ಎಂದು ತಿಳಿಯಿತು.

ಕೆಸರುಬಯಲಿನ ಇಳಿಜಾರು ಎಷ್ಟು ಮೆಲುವಾದದ್ದು ಎಂಬುದನ್ನು ನೆನೆದರೆ ಇದರ ತೂಕ ಅರಿವಾಗುತ್ತದೆ. ಸಾವಿರ ಮೀಟರಿಗೆ ಎರಡು ಮೀಟರ್ ಇಳಿಯುವ ಬಯಲಿನಲ್ಲಿ ನೀರು ಒಂದೇ ಒಂದು ಮೀಟರ್ ಏರಿದರೆ ಅದರ ಅಂಚು 500 ಮೀಟರ್ ಒಳಗೆ ಬರುತ್ತದೆ. ಲ್ಯಾಂಡ್‌ಸ್ಯಾಟಿನ ಒಂದು ಪಿಕ್ಸೆಲ್ 30 ಮೀಟರ್ ಅಗಲದ್ದು. ಅಂದರೆ ಮಣ್ಣಿನ ಒಂದು ಕಣವೂ ಕೊಚ್ಚಿಹೋಗದೆ ಹದಿನಾರು ಪಿಕ್ಸೆಲ್‌ಗಳಿಗೂ ಹೆಚ್ಚು ಅಗಲದ ನೆಲ ಚಿತ್ರದಿಂದ ಕಾಣೆಯಾಗಬಹುದು.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ, ಅದರ ಬಗ್ಗೆ ಮಾತು ಕಡಿಮೆ. ಲ್ಯಾಂಡ್‌ಸ್ಯಾಟ್ ಮತ್ತು ಸೆಂಟಿನೆಲ್-2 ಉಪಗ್ರಹಗಳು ಸೂರ್ಯನಿಗೆ ಹೊಂದಿಕೊಂಡ ಕಕ್ಷೆಯಲ್ಲಿ ಸುತ್ತುವುದರಿಂದ ಒಂದು ಸ್ಥಳದ ಮೇಲೆ ಯಾವಾಗಲೂ ಬೆಳಗಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಹತ್ತು ಹತ್ತೂವರೆಯ ಸುಮಾರಿಗೆ, ಹಾದುಹೋಗುತ್ತವೆ. ದಿನಕ್ಕೆರಡು ಬಾರಿ ಉಬ್ಬರ ಬರುವ ಕಡೆಗಳಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರವೂ ಆಯಾ ಊರಿಗೆ ತಕ್ಕಂತೆ ಬಹುಮಟ್ಟಿಗೆ ಒಂದೇ ಗಂಟೆಗೆ ತುಂಬುತ್ತದೆ. ಆ ಗಂಟೆ ಉಪಗ್ರಹದ ಗಂಟೆಯೊಡನೆ ಕೂಡಿಬಂದರೆ, ಅದೇ ದಿನಗಳ ದೊಡ್ಡ ಇಳಿತ ಬೇರೆ ಹೊತ್ತಿಗೆ ಬರುವುದರಿಂದ, ಉಪಗ್ರಹ ಎಷ್ಟು ವರ್ಷ ಸುತ್ತಿದರೂ ಆ ಅಳಿವೆಯ ಅತ್ಯಂತ ತಗ್ಗಿನ ಇಳಿತವನ್ನು ನೋಡುವುದೇ ಇಲ್ಲ. ನಮ್ಮ ಅದೃಷ್ಟಕ್ಕೆ ಈ ಅಳಿವೆಯಲ್ಲಿ ಹಾಗಿರಲಿಲ್ಲ.

ಹಾಗಾಗಿ ಎರಡು ಚಿತ್ರಗಳ ಹೋಲಿಕೆಯನ್ನು ಬಿಟ್ಟು, ದೊರೆತಷ್ಟೂ ಚಿತ್ರಗಳಿಂದ ನೀರಿನ ಮಟ್ಟ ಒಂದೇ ಆಗಿದ್ದವನ್ನು ಮಾತ್ರ ಆರಿಸಿಕೊಂಡೆವು. 2008ರಲ್ಲಿ ಲ್ಯಾಂಡ್‌ಸ್ಯಾಟ್ ಸಂಗ್ರಹವನ್ನು ಎಲ್ಲರಿಗೂ ಉಚಿತವಾಗಿ ತೆರೆದಿರದಿದ್ದರೆ ಇಂಥ ಕೆಲಸವನ್ನು ಯೋಚಿಸುವುದೂ ಕಷ್ಟವಿತ್ತು. 2015ರಿಂದೀಚೆಗಿನ ಸೆಂಟಿನೆಲ್-2 ಚಿತ್ರಗಳು 10 ಮೀಟರ್ ವಿವರವನ್ನು ಕೊಟ್ಟು ಕಿರಿದಾದ ತೊರೆಗಳನ್ನೂ ಕಾಣಿಸಿದವು. ಹೀಗೆ ಜರಡಿ ಹಿಡಿದ ಮೇಲೆ ಉಳಿದ ಬದಲಾವಣೆ ಮೊದಲು ಕಂಡದ್ದಕ್ಕಿಂತ ಬಹಳ ಚಿಕ್ಕದಾಗಿತ್ತು, ಆದರೆ ಅದು ನಿಜವಾಗಿತ್ತು. ಮುಖ್ಯ ಕಾಲುವೆ ಬಾಗುವ ಹೊರಮಗ್ಗುಲಿನಲ್ಲಿ ಬಯಲಿನ ಅಂಚು ವರ್ಷದಿಂದ ವರ್ಷಕ್ಕೆ ಹಿಂದೆ ಸರಿದಿತ್ತು. ಎದುರು ದಂಡೆಯಲ್ಲಿ ಹೂಳು ಕೂತ ಜಾಗಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಇಳಿದು ಬಂದಿದ್ದವು.

ಬಯಲಿನ ನಡುವೆ ಮಾತ್ರ ನನಗೆ ಸಮಾಧಾನವಾಗದ ಹಸಿರು ಪಟ್ಟಿಯೊಂದಿತ್ತು. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಸಮೀಪದ ಅವಗೆಂಪು (ನಿಯರ್ ಇನ್‌ಫ್ರಾರೆಡ್) ಬೆಳಕನ್ನು ಚೆಲ್ಲುತ್ತದೆ; ಆ ಎರಡರ ಅಂತರದಿಂದ ಕಟ್ಟುವ ಸಸ್ಯಸೂಚಿ ಆ ಪಟ್ಟಿಯಲ್ಲಿ ಏರುತ್ತಲೇ ಇತ್ತು. ಅದು ಕಡಲಹುಲ್ಲು ಆಗಿದ್ದರೆ ಸಂತೋಷದ ಸುದ್ದಿ. ಆದರೆ ಹಸಿರು ಪಾಚಿಯೂ, ಕೆಸರಿನ ಮೇಲೆ ತೆಳ್ಳಗೆ ಹರಡುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಪದರವೂ ಅದೇ ಸೂಚಿಯನ್ನು ಮೇಲೆತ್ತುತ್ತವೆ. ಆ ಸಂದೇಹ ತೀರಲು ಕಾಲಿನಲ್ಲಿ ಕೆಸರು ತುಳಿಯದೆ ಬೇರೆ ದಾರಿ ಇರಲಿಲ್ಲ.

ಇಳಿತದ ದಿನವೊಂದನ್ನು ನೋಡಿ ದೋಣಿಯಲ್ಲಿ ಹೋದೆವು. ಪಟ್ಟಿಯ ಹತ್ತಿರ ಬಂದಾಗ ದೋಣಿ ನಡೆಸುತ್ತಿದ್ದ ಹಿರಿಯರು, "ಇದು ನಿಲ್ಲುವ ಹಸಿರಲ್ಲ. ಬಿಸಿಲು ಏರಿದ ಮೇಲೆ ಕೊಳೆತು ನಾರುತ್ತದೆ. ಹುಲ್ಲು ಬೇಕಾದರೆ ಆಚೆ ಬನ್ನಿ," ಎಂದರು. ಪಟ್ಟಿಯ ಉದ್ದಕ್ಕೂ ಜಿಪಿಎಸ್ ಗುರುತು ಹಾಕುತ್ತ, ಚೌಕಟ್ಟು ಇಟ್ಟು ಚಿತ್ರ ತೆಗೆಯುತ್ತ ನಡೆದಾಗ ಅವರ ಮಾತು ಸರಿಯೆಂದು ಕಂಡಿತು. ಹೆಚ್ಚಿನ ಭಾಗ ಬೇರಿಲ್ಲದ ಪಾಚಿಯ ಹೊದಿಕೆ. ಎತ್ತಿದರೆ ಕೈಗೆ ಬಂದುಬಿಡುತ್ತಿತ್ತು, ಅಡಿಯ ಕೆಸರು ಗಾಳಿಯಾಡದೆ ಕಪ್ಪಾಗಿತ್ತು. ಹಿರಿಯರು ತೋರಿಸಿದ ಆಚೆಯ ಅಂಚಿನಲ್ಲಿ ಮಾತ್ರ ಕಡಲಹುಲ್ಲು ಮಣ್ಣಿನೊಳಗೆ ಕಾಂಡ ಹಾಯಿಸಿ ಕೆಸರನ್ನು ಬಿಗಿಯಾಗಿ ಹಿಡಿದು ನಿಂತಿತ್ತು.

ನನ್ನನ್ನು ಅತಿಯಾಗಿ ಕಾಡಿದ್ದು ಇದೇ. ನೀರಿಗೆ ಸಾರಜನಕ ಮತ್ತು ರಂಜಕ ಮಿತಿಮೀರಿ ಸೇರಿದಾಗ ಪಾಚಿ ಕೊಬ್ಬುತ್ತದೆ, ಅದು ಹುಲ್ಲಿಗೆ ಬೆಳಕು ತಪ್ಪಿಸುತ್ತದೆ. ಸೂಚಿಯ ಏರಿಕೆಯನ್ನಷ್ಟೇ ನೋಡಿ ಬರೆದ ವರದಿಯಲ್ಲಿ ಅಳಿವೆಯ ಕಾಯಿಲೆಯೇ ಅದರ ಆರೋಗ್ಯವೆಂದು ದಾಖಲಾಗುತ್ತಿತ್ತು, ಆ ವರದಿಯನ್ನು ನಂಬಿ ಯಾರೂ ಏನೂ ಮಾಡದೆ ಕೂರುತ್ತಿದ್ದರು.

ನೆಲದ ಗುರುತುಗಳನ್ನು ಸೇರಿಸಿ, ಚಿತ್ರದ ಯಾವ ಭಾಗ ಹುಲ್ಲು, ಯಾವುದು ಪಾಚಿ ಎಂದು ವಿಂಗಡಿಸುವ ವರ್ಗೀಕರಣವನ್ನು ಮತ್ತೆ ನಡೆಸಿದೆವು. ಈ ಬಾರಿ ವರ್ಷಕ್ಕೊಂದು ಚಿತ್ರದ ಬದಲು ಎಲ್ಲ ಋತುಗಳ ಚಿತ್ರಗಳನ್ನೂ ಕೊಟ್ಟಿದ್ದರಿಂದ, ಕೆಲವೇ ವಾರಗಳಲ್ಲಿ ಉಕ್ಕಿ ಮಾಯವಾಗುವ ಪಾಚಿ ಹುಲ್ಲಿನಿಂದ ಬೇರೆಯಾಗಿ ಕಂಡಿತು. ಇಳಿತದಲ್ಲೂ ನೀರು ಬತ್ತದ ಕಾಲುವೆಗಳ ತಳ ಮಾತ್ರ ತಿಳಿಯಲಿಲ್ಲ. ಅವಗೆಂಪು ಬೆಳಕನ್ನು ನೀರು ಮೇಲ್ಪದರದಲ್ಲೇ ಹೀರಿಬಿಡುತ್ತದೆ, ಉಳಿದ ಬೆಳಕನ್ನು ಹೂಳು ತಡೆಯುತ್ತದೆ. ಅಲ್ಲಿ ಹುಲ್ಲು ಇಲ್ಲವೆಂದು ತೋರಿಸುವುದು ನ್ಯಾಯವಲ್ಲ. ಆದ್ದರಿಂದ ಆ ಭಾಗವನ್ನು ನಕ್ಷೆಯಲ್ಲಿ ಬಣ್ಣ ತುಂಬದೆ ಬಿಟ್ಟು, "ಉಪಗ್ರಹಕ್ಕೆ ಕಾಣದ ಪ್ರದೇಶ" ಎಂದು ಬರೆದು, ಮುಂದಿನ ಸಮೀಕ್ಷೆಯಲ್ಲಿ ನೀರಿನೊಳಗಿನ ಕ್ಯಾಮೆರಾ ಇಳಿಸಬೇಕಾದ ಜಾಗಗಳನ್ನು ಅದರ ಮೇಲೆಯೇ ಗುರುತಿಸಿ ಕೊಟ್ಟೆವು.